ಹೊಸ್ತಿಲು ದಾಟದ ಪ್ರೊಸೆಸರ್

ನಮ್ಮೂರಿನ ಅಂಗಡಿಗಳ ಹೊಸ್ತಿಲು ದಾಟುವುದು ಮನುಷ್ಯರಿಗೆ ಸಲೀಸು, ಸಾಮಾನಿಗೆ ಕಷ್ಟ. ದುಡ್ಡು ಕೊಟ್ಟ ಮಾತ್ರಕ್ಕೆ ಯಾವ ವಸ್ತುವೂ ಹೊರಗೆ ಬರುವುದಿಲ್ಲ. ಅದನ್ನು ಬಾಯಿಯ ಹತ್ತಿರ ಹಿಡಿದು, ನೀನು ನನಗೆ ಯಾಕೆ ಬೇಕು ಎಂದು ಅದಕ್ಕೇ ಹೇಳಬೇಕು. ಹೇಳಿದ್ದು ನಿಜವಾಗಿದ್ದರೆ ಬೆಕ್ಕಿನ ಮರಿಯ ಹಾಗೆ ತೋಳಿನಲ್ಲಿ ಕೂತು ಬರುತ್ತದೆ. ಅಲ್ಲದಿದ್ದರೆ ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಭಾರವಾಗತೊಡಗುತ್ತದೆ. ಸೂಜಿಯೇ ಆಗಲಿ, ಗಟ್ಟಿಮುಟ್ಟಾದ ಗಂಡಸರು ಸೇರಿ ಎತ್ತಿದರೂ ಆಚೆಗೆ ಬರುವುದಿಲ್ಲ. ಅಕ್ಕಿ, ಬೇಳೆ, ತರಕಾರಿಗೆ ಈ ಕಟ್ಟಳೆ ಇಲ್ಲ. ಹೊಟ್ಟೆಯನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಔಷಧಿಗೂ ಇಲ್ಲ. ಮಿಕ್ಕಿದ್ದಕ್ಕೆಲ್ಲ ಇದೆ.

ಹಾಗಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದುಬಂದಿದೆ. ಯಾರಾದರೂ ಸಾಮಾನನ್ನು ಬಾಯಿಯ ಹತ್ತಿರ ತಂದರೆ ಅಂಗಡಿಯಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ಗುನುಗಬೇಕು. ಬಟ್ಟೆ ಅಂಗಡಿಯಲ್ಲಿ ಒಂದು ರಾಗ, ಪಾತ್ರೆ ಅಂಗಡಿಯಲ್ಲಿ ಇನ್ನೊಂದು. ಕಣ್ಣು ಕಟ್ಟಿ ಬಜಾರಿನಲ್ಲಿ ಬಿಟ್ಟರೂ ಗುನುಗು ಕೇಳಿ ಯಾವ ಅಂಗಡಿಯ ಮುಂದಿದ್ದೇನೆ ಎಂದು ಹೇಳಬಲ್ಲೆ. ಅಂಗಡಿಯವರು ಬೇಸಿಗೆಯಲ್ಲೂ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಕೂತಿರುತ್ತಾರೆ. ಒಬ್ಬರು ಹೇಳಿದ ಕಾರಣ ಇನ್ನೊಬ್ಬರ ಕಿವಿಗೆ ಬೀಳಬಾರದು. ಬಿದ್ದರೂ ಅದರ ಮಾತೆತ್ತಬಾರದು.

ದಾಟದೆ ಉಳಿದದ್ದು ಅಂಗಡಿಯ ಕಪಾಟಿನಲ್ಲೇ, ಕೊಂಡವರ ಹೆಸರಿನ ಚೀಟಿ ಅಂಟಿಸಿಕೊಂಡು ಇರುತ್ತದೆ. ನಾವು ಅದನ್ನು ನಿಂತ ಸಾಮಾನು ಎನ್ನುತ್ತೇವೆ. ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಅವರು ಯಾವಾಗ ಬೇಕಾದರೂ ಬಂದು ಮತ್ತೊಮ್ಮೆ ಹೇಳಿ ನೋಡಬಹುದು. ನನ್ನ ಯಜಮಾನರದೊಂದು ಸೂಟ್‌ಕೇಸು ಅವರು ಬದುಕಿರುವ ತನಕ ನಿಂತೇ ಇತ್ತು. ಕಾಶಿಗೆ ಹೋಗಿ ಅಲ್ಲೇ ಇದ್ದುಬಿಡಲಿಕ್ಕೆ ಎಂದು ಹೇಳಿದ್ದರಂತೆ. ಅದು ದಾಟಲಿಲ್ಲವೆಂದು ಅವರು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ ದಿನ ನಾನು ಪಾಯಸ ಮಾಡಿದ್ದೆ.

ಇಂಥ ಊರಿನಲ್ಲಿ ನಾನು ಕಂಪ್ಯೂಟರ್ ಕೊಳ್ಳಲು ಹೊರಟೆ. ಕಾರಣ ಊರಿಗೆಲ್ಲ ಗೊತ್ತಿತ್ತು. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಜಯಶೀಲಪ್ಪನವರದು ಒಂದೇ ಹಟ: ಅರ್ಥವಾಗದೆ ಬೆರಳನ್ನು ಮುಂದಿನ ಪದಕ್ಕೆ ಸರಿಸಬಾರದು. ಆ ಬೆರಳು ಹಿಡಿದುಕೊಂಡೇ ನಾನು ಊರಿನ ಲೈಬ್ರರಿಯ ಅರ್ಧ ಕಪಾಟು ಓದಿದ್ದೆ. ಆಮೇಲೆ ಕಣ್ಣಿಗೆ ಏನೋ ಬಂತು. ನೇರ ನೋಡಿದರೆ ನಡುವೆ ಮಸಿ ಮೆತ್ತಿದ ಹಾಗೆ ಕಪ್ಪು, ಅಂಚಿನಲ್ಲಿ ಮಾತ್ರ ಬೆಳಕು. ಮುಖ ಆ ಕಡೆ ತಿರುಗಿಸಿದರೆ ಈ ಕಡೆಯದು ಕಾಣುತ್ತದೆ. ಕನ್ನಡಕದಿಂದ ಆಗುವುದಲ್ಲ, ಅಕ್ಷರ ದೊಡ್ಡದಾದರೆ ಅಂಚಿನಲ್ಲೇ ಓದಬಹುದು ಎಂದರು ಡಾಕ್ಟರು. ಎಷ್ಟು ದೊಡ್ಡದು ಎಂದೆ. ಅಂಗೈ ತೋರಿಸಿದರು.

ಆಗ ನಾನು ಒಂದು ದಪ್ಪ ಕಾದಂಬರಿಯ ನಡುವಿನಲ್ಲಿದ್ದೆ. ಅದರಲ್ಲೊಬ್ಬ ದೋಣಿಯವನು, ತುಂಬಿದ ಹೊಳೆಯ ನಡುನೀರಿನಲ್ಲಿ, ಹುಟ್ಟು ಕೈಜಾರಿ ಹೋಗಿ ಕೂತಿದ್ದ. ಅಲ್ಲಿಗೆ ನನ್ನ ಓದು ನಿಂತಿತು. ಸೊಸೆ ಸುಗುಣ ಒಂದೆರಡು ಸಲ ಓದಿ ಹೇಳಲು ಕೂತಳು. ಅವಳ ಓದು ಚೆನ್ನ. ಆದರೆ ನಾನು ಒಂದೊಂದು ಸಾಲಿನ ಮೇಲೆ ಬೀಡುಬಿಡುವವಳು, ಅವಳು ಒಲೆಯ ಮೇಲಿನ ಅನ್ನಕ್ಕೆ ಕಿವಿ ಕೊಟ್ಟುಕೊಂಡು ಓಡುವವಳು. "ಬಿಡಮ್ಮ, ಅವನು ನೀರಲ್ಲೇ ಇರ್ಲಿ. ದಡ ಮುಟ್ಸೋದು ನಾನೇ," ಎಂದು ಪುಸ್ತಕ ಎತ್ತಿಟ್ಟೆ. ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿ ನೋಡಿದೆ. ಒಂದು ಪದ ಓದಿ ಮುಗಿಸುವಷ್ಟರಲ್ಲಿ ಅದರ ಹಿಂದಿನ ಪದ ಊರು ಬಿಟ್ಟಿರುತ್ತಿತ್ತು. ಹೀಗಿರುವಾಗ ಅಂಚೆ ಕಚೇರಿಯ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದಳು, ಚೆನ್ನಾಜಮ್ಮ ಎಂಬ ನನ್ನ ಹೆಸರು ಪರದೆಯ ತುಂಬ ಹರಡಿಕೊಂಡಿತು. ಮೊದಲಿನ ಅಕ್ಷರವೇ ರೊಟ್ಟಿಯಷ್ಟಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡು ನನ್ನ ಹೆಸರನ್ನು ಪೂರ್ತಿ ಓದಿದೆ. ಆವತ್ತೇ ನಿರ್ಧಾರವಾಯಿತು.

ನಮ್ಮೂರಿನಲ್ಲಿ ಕಂಪ್ಯೂಟರನ್ನು ಇಡಿಯಾಗಿ ಯಾರೂ ಕೊಳ್ಳುವುದಿಲ್ಲ. ದಸ್ತಗೀರ್ ಸಾಬರ ಅಂಗಡಿಯ ಗಾಜಿನ ಹಿಂದೆ ರೆಡಿಮೇಡ್ ಒಂದು ಇದ್ದೇ ಇದೆ. ಎಷ್ಟೋ ಜನ ಎತ್ತಿ ನೋಡಿ ಸೋತಿದ್ದಾರೆ. ಕೊಳ್ಳುವವರು ಹೇಳುವುದು ಒಂದು ಕಾರಣ, ಡಬ್ಬಿಯೊಳಗೆ ಇರುವವರು ಬಹಳ ಜನ. ಅವರಲ್ಲಿ ಯಾರೋ ಒಬ್ಬರು ಮುನಿಸಿಕೊಂಡರೂ ಮುಗಿಯಿತು. ಆದ್ದರಿಂದ ಒಂದೊಂದೇ ಭಾಗ ಕೊಂಡು, ಒಂದೊಂದಕ್ಕೂ ಅದರದೇ ಮಾತು ಹೇಳಿ ಮನೆಗೆ ತಂದು ಜೋಡಿಸಿಕೊಳ್ಳುವುದು ಇಲ್ಲಿನ ರೂಢಿ. ಮಗ ಮಹದೇವ ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಾನೆ. ಅವನು ಕೈ ಮುಗಿದುಬಿಟ್ಟ. "ನನ್ನ ಕರೀಬೇಡಮ್ಮ. ನಂಗೆ ಮೊಬೈಲೇ ಸಾಕಾಗಿದೆ. ನಾನು ಎತ್ತಿದ್ರೆ ಅಂಗಡಿಗೆ ಅಂಗಡಿನೇ ಕೂತ್ಕೊಂಡ್ಬಿಡುತ್ತೆ." ಸುಗುಣ ಚಪ್ಪಲಿ ಮೆಟ್ಟಿದಳು.

ಸುಗುಣ ಮಾತು ಕಮ್ಮಿಯ ಹೆಂಗಸು. ನಮ್ಮ ಮನೆಗೆ ಬಂದಾಗಿನಿಂದ ಅಂಗಡಿಯಿಂದ ಅವಳು ತಂದದ್ದೆಲ್ಲ ಬೇರೆಯವರಿಗೆ: ಗಂಡನಿಗೆ ಅಂಗಿ, ನನಗೆ ಶಾಲು, ದೇವರಿಗೆ ದೀಪ. ಎಲ್ಲವೂ ಹೂವಿನಂತೆ ದಾಟಿ ಬಂದಿದ್ದವು. ಒಳ್ಳೆಯ ಸೊಸೆ ಎಂದು ಬಜಾರು ಅವಳಿಗೆ ಹೆಸರು ಕೊಟ್ಟಿತ್ತು.

ದಸ್ತಗೀರ್ ಸಾಬರು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ನನ್ನನ್ನು ಕಂಡೊಡನೆ ಮಫ್ಲರನ್ನು ಒಂದು ಕಿವಿಯಿಂದ ಸರಿಸಿದರು. "ಬನ್ನಿ ಚೆನ್ನಾಜಮ್ಮನೋರೆ. ಯಾಕೆ ಬೇಕು ಅಂತ ಮಾತ್ರ ನಂಗೆ ಹೇಳ್ಬೇಡಿ."

"ಹೇಳಲ್ಲ. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಹೇಳ್ಬೇಡಿ." ಕೆಲಸ ಏನೆಂದು ಕೇಳದೆ ಸಾಮಾನು ಆರಿಸಿಕೊಡುವುದು ಅವರ ಕಸುಬು, ಪಾಪ. ಸುತ್ತಿ ಬಳಸಿ ಕೇಳಬೇಕು. "ಮನೇಲಿ ಆಟಗೀಟ ಆಡೋರು ಇದಾರಾ?"

"ನಾನು ಚೌಕಾಬಾರ ಆಡ್ತೀನಿ."

"ಅದಕ್ಕೆ ಇದು ಬೇಡ," ಎಂದು ಅವರು ಎರಡು ಫ್ಯಾನುಗಳಿದ್ದ ಒಂದು ಉದ್ದನೆಯ ಕಾರ್ಡನ್ನು ಪಕ್ಕಕ್ಕಿಟ್ಟರು. ಸುಗುಣ ಅದರ ಒಂದು ಫ್ಯಾನನ್ನು ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿದಳು. ಅದು ಸದ್ದಿಲ್ಲದೆ ತಿರುಗಿ ನಿಂತಿತು.

ಮೊದಲು ಮಾನಿಟರ್. ಅಂಗಡಿಯಲ್ಲಿದ್ದ ಅತಿ ದೊಡ್ಡದನ್ನೇ ತೆಗೆಸಿದೆ. ಎಲ್ಲರೂ ಗೋಡೆಗೆ ತಿರುಗಿ ಗುನುಗಿದರು. ದಸ್ತಗೀರ್ ಸಾಬರ ಅಂಗಡಿಯದು ಜೇನುಹುಟ್ಟಿನಂಥ ಗುನುಗು, ಹಳೆಯ ರೇಡಿಯೋ ಸ್ಟೇಷನ್ ಹಿಡಿಯುವ ಮುಂಚಿನ ಸದ್ದಿನ ಹಾಗೆ. ನಾನು ಪರದೆಗೆ ತುಟಿ ತಾಗಿಸಿ, "ದೋಣಿಯವನನ್ನ ನೋಡ್ಬೇಕು," ಎಂದೆ. ಸುಗುಣ ಎತ್ತಿದಳು, ನಾನು ಕೈಯಿಟ್ಟೆ, ಅದು ಖಾಲಿ ಮೊರದಷ್ಟು ಹಗುರವಾಗಿ ಹೊಸ್ತಿಲು ದಾಟಿತು.

ಎರಡನೆಯದಕ್ಕೇ ತೊಂದರೆ ಶುರುವಾಯಿತು. ಕರಿ ಡಬ್ಬಿಯೊಂದನ್ನು ಕೊಟ್ಟು ಪವರ್ ಸಪ್ಲೈ ಎಂದರು. ಓದಲಿಕ್ಕೆ ಎಂದೆ. ಕದಲಲಿಲ್ಲ. ದೋಣಿ ಎಂದೆ, ಹೊಳೆ ಎಂದೆ. ಒಳಕಲ್ಲಿನ ಹಾಗೆ ಕೂತಿತು. ಆಗ ನನಗೆ ಮೇಷ್ಟ್ರು ನೆನಪಾದರು. ಇದು ಏನು ಮಾಡುತ್ತದೆಂದೇ ತಿಳಿಯದೆ ಇದು ನನಗೆ ಯಾಕೆ ಬೇಕೆಂದು ಹೇಗೆ ಹೇಳಲಿ? "ಸಾಬ್ರೆ, ಇದರ ಕೆಲಸ ಏನು, ಬಿಡಿಸಿ ಹೇಳಿ," ಎಂದು ಸ್ಟೂಲ್ ಎಳೆದುಕೊಂಡು ಕೂತೆ.

"ಗೋಡೆಯಿಂದ ಬರೋ ಕರೆಂಟು ಒರಟು ಅಮ್ಮ. ಹಂಗೇ ಬಿಟ್ರೆ ಒಳಗಿನೋರೆಲ್ಲ ಸುಟ್ಟೋಗ್ತಾರೆ. ಇದು ಯಾರ್ಯಾರಿಗೆ ಎಷ್ಟೆಷ್ಟು ಬೇಕೋ ಅಷ್ಟಷ್ಟೇ ಹಾಕುತ್ತೆ."

"ಪಂಕ್ತೀಲಿ ಬಡಿಸೋ ಥರ."

"ಹಂಗೇ ಅನ್ಕೊಳ್ಳಿ."

ನಾನು ಅದಕ್ಕೆ, ಎಲ್ಲರಿಗೂ ಸರಿಯಾಗಿ ಬಡಿಸಪ್ಪ, ಯಾರೂ ಹಸಿದು ಏಳಬಾರದು ಎಂದೆ. ಬಂತು.

ಆಮೇಲೆ ಅವಸರ ಮಾಡಲಿಲ್ಲ. ಒಂದು ದಿನಕ್ಕೆ ಒಂದು ಸಾಮಾನು, ಅದರ ಕೆಲಸ ನನ್ನ ತಲೆಗೆ ಇಳಿಯುವ ತನಕ ಸ್ಟೂಲಿನ ಮೇಲೆ ಬೀಡು. ರ್ಯಾಮ್ ಎಂಬ ಪಟ್ಟಿ ಮೊರವಿದ್ದ ಹಾಗೆ, ಈಗ ಆರಿಸುತ್ತಿರುವ ಅಕ್ಕಿಯಷ್ಟೇ ಅದರ ಮೇಲೆ, ಕೆಲಸ ಮುಗಿದರೆ ಖಾಲಿ. ಡಿಸ್ಕು ಮೂಟೆ ಇಡುವ ಕೋಣೆ, ಕರೆಂಟು ಹೋದರೂ ಇಟ್ಟದ್ದು ಇಟ್ಟಲ್ಲೇ. ಮೊರ ದೊಡ್ಡದಿರಬೇಕೋ ಕೋಣೆಯೋ ಎಂದು ನಾನು ಕೇಳಿದ್ದಕ್ಕೆ ದಸ್ತಗೀರ್ ಸಾಬರು ಗಡ್ಡ ಕೆರೆದುಕೊಂಡು, "ಒಬ್ರೇ ಕೂತು ಮಾಡೋ ಕೆಲಸಕ್ಕೆ ಎರಡೂ ಹದವಾಗಿದ್ರೆ ಸಾಕು. ಮೊರ ಇನ್ನೊಂದು ಆಮೇಲೆ ಹಾಕ್ಕೊಬಹುದು, ಜಾಗ ಇದೆ," ಎಂದರು. ಕೀಬೋರ್ಡಿನ ಅಕ್ಷರಗಳೆಲ್ಲ ಇಂಗ್ಲಿಷು. ಅದು ನನಗೆ ಯಾಕೆ ಎಂದು ನನಗೇ ಅನುಮಾನ. ಅದರಲ್ಲೊಂದು ಗುಂಡಿ ಪುಟವನ್ನು ಮುಂದಕ್ಕೆ ಸರಿಸುತ್ತದೆಂದು ತೋರಿಸಿದರು. ಆ ಒಂದು ಗುಂಡಿಗಾಗಿ ಬಾ ಎಂದೆ, ಮಿಕ್ಕ ಗುಂಡಿಗಳೆಲ್ಲ ಅದರ ಜೊತೆಯಲ್ಲಿ ಬಂದವು. ಮದರ್‌ಬೋರ್ಡ್ ಎಂಬ ಹಸಿರು ಹಲಗೆಯ ಮೇಲೆ ಬಜಾರಿನ ಓಣಿಗಳಂತೆ ಗೆರೆಗಳಿದ್ದವು. ಎಲ್ಲರೂ ಒಬ್ಬರ ಮನೆಗೊಬ್ಬರು ಹೋಗಿ ಬರಲು ಇದೇ ದಾರಿ ಎಂದರು. ದಾರಿ ಇಲ್ಲದೆ ಯಾವ ಊರು ಎಂದೆ. ಅದೂ ಬಂತು.

ಹೀಗೆ ಹೋಗಿ ಬರುವಾಗಲೇ ನಾನು ಆ ಕೆಂಪು ಡಬ್ಬಿಯನ್ನು ಕಂಡದ್ದು. ಗುನುಗುವ ಸರದಿ ನನ್ನದಾಗಿದ್ದಾಗ ಗೋಡೆಗೆ ತಿರುಗಿದ್ದೆನಲ್ಲ, ನಿಂತ ಸಾಮಾನಿನ ಕಪಾಟು ನನ್ನ ಕಣ್ಣಿನ ಅಂಚಿಗೆ ಬಂತು. ಕೆಳಗಿನ ಸಾಲಿನಲ್ಲಿ ಗಾಜಿನ ಮುಚ್ಚಳದ ಕೆಂಪು ಡಬ್ಬಿ, ಒಳಗೆ ಬೆರಳುದ್ದದ ಸ್ಕ್ರೂಡ್ರೈವರುಗಳು ಸಾಲಾಗಿ ಮಲಗಿದ್ದವು. ಮುಚ್ಚಳದ ಮೇಲೆ ದಪ್ಪ ಅಕ್ಷರದ ಚೀಟಿ, ತೀರ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಹಿಡಿದೆ: ಸುಗುಣ. ಚೀಟಿ ಹಳದಿಗಟ್ಟಿತ್ತು. ಅಂದರೆ ಮದುವೆಯಾಗಿ ಬಂದ ಹೊಸದರಲ್ಲಿ ಕೊಂಡದ್ದು. ಸುಗುಣ ಆ ಅಂಗಡಿಯಲ್ಲಿ ಯಾವಾಗಲೂ ಆ ಕಪಾಟಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಒಂದು ಹೆಣ್ಣಿಗೆ ಸ್ಕ್ರೂಡ್ರೈವರ್ ಯಾಕೆ ಬೇಕಿತ್ತು? ಏನು ಹೇಳಿದಳು, ಯಾಕೆ ದಾಟಲಿಲ್ಲ? ಆದರೆ ಕೇಳುವಂತಿಲ್ಲ. ನಮ್ಮೂರಿನಲ್ಲಿ ನಿಂತ ಸಾಮಾನಿನ ಮಾತೆತ್ತುವುದು ಮಲಗಿದವರ ಹೊದಿಕೆ ಎಳೆದಂತೆ.

ಕೊನೆಗೆ ಉಳಿದದ್ದು ಪ್ರೊಸೆಸರ್. ಬಿಸ್ಕತ್ತಿಗಿಂತ ಚಿಕ್ಕದು, ಚೌಕ. "ಇದೇ ಎಲ್ಲ ಅಮ್ಮ. ಇದಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ತಗಡು. ನೀವು ತಗೊಂಡಿರೋ ಬೋರ್ಡಿಗೆ ಇದೇ ಕೂರೋದು, ಬೇರೇದು ಕೂರಲ್ಲ," ಎಂದರು ದಸ್ತಗೀರ್ ಸಾಬರು.

"ಏನು ಮಾಡುತ್ತೆ?"

"ಹೌದು ಅನ್ನುತ್ತೆ, ಅಲ್ಲ ಅನ್ನುತ್ತೆ."

"ಆಮೇಲೆ?"

"ಅಷ್ಟೇ. ಆದ್ರೆ ಬೇಗ ಬೇಗ ಅನ್ನುತ್ತೆ."

ನಾನು ಸ್ಟೂಲಿನ ಮೇಲೆ ಕೂತೇ ಕೂತೆ. ಹೌದು, ಅಲ್ಲ; ಇವೆರಡರಿಂದ ದೋಣಿಯವನು ಹೇಗೆ ಬರುತ್ತಾನೆ? ದಸ್ತಗೀರ್ ಸಾಬರು ಬಲ್ಲಷ್ಟು ಹೇಳಿದರು, ಬೇರೆ ಬೇರೆ ಥರ ಹೇಳಿದರು. ನನ್ನ ಬೆರಳು ಆ ಪದದ ಮೇಲಿಂದ ಮುಂದೆ ಸರಿಯಲಿಲ್ಲ. ಆದರೂ ತುಟಿಗೆ ಹಿಡಿದು, ನನಗೆ ಓದಬೇಕು ಎಂದೆ. ಹೊಸ್ತಿಲ ಹತ್ತಿರ ಆ ಬಿಸ್ಕತ್ತು ನನ್ನ ಕೈಯನ್ನು ನೆಲಕ್ಕೆ ಎಳೆಯಿತು.

"ಸೊಸೆ ಹೇಳ್ಲಿ, ಒಂದೇ ಮನೆ ಅಲ್ವಾ," ಎಂದರು ಸಾಬರು. ಸುಗುಣ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ನಾವೆಲ್ಲ ಗೋಡೆಗೆ ತಿರುಗಿದೆವು. ಪಕ್ಕದ ಮನೆಯ ಬೋರಮ್ಮ ಟಾರ್ಚ್ ಕೊಳ್ಳಲು ಬಂದಿದ್ದಳು. ಗುನುಗುವುದರಲ್ಲಿ ಎಲ್ಲರಿಗಿಂತ ಜೋರು, ಕೇಳಿಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಚುರುಕು. ಸುಗುಣ ಹೇಳಿದಳು, ನಡೆದಳು, ಹೊಸ್ತಿಲಲ್ಲಿ ಬಗ್ಗಿದಳು. ಪ್ರೊಸೆಸರ್ ನೆಲಕ್ಕೆ ಅಂಟಿಕೊಂಡಿತು. ದಸ್ತಗೀರ್ ಸಾಬರು ಒಂದು ಹೊಸ ಚೀಟಿಯ ಮೇಲೆ ಅವಳ ಹೆಸರು ಬರೆದು, ಅದನ್ನು ಕೆಂಪು ಡಬ್ಬಿಯ ಪಕ್ಕದಲ್ಲೇ ಇಟ್ಟರು.

ಸಂಜೆಯಷ್ಟರಲ್ಲಿ ಬೋರಮ್ಮ ನಮ್ಮ ಜಗಲಿಯ ಮೇಲಿದ್ದಳು. "ಅಯ್ಯೋ, ನಾನೇನೂ ಕೇಳಿಸ್ಕೊಳ್ಲಿಲ್ಲ ಕಣಕ್ಕ. ಆದ್ರೆ ದಾಟ್ಲಿಲ್ಲ ಅನ್ನೋದು ಕಣ್ಣಿಗೆ ಕಾಣ್ತಲ್ಲ. ಅತ್ತೆ ಓದ್ಲಿ ಅಂತಾನೇ ತಾನೆ ಅವ್ಳು ಹೇಳಿರೋದು? ಅದು ದಾಟ್ಲಿಲ್ಲ ಅಂದ್ರೆ ಏನರ್ಥ, ನೀನೇ ಹೇಳು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ…"

"ನನ್ನ ಜಾಗದಲ್ಲಿ ನೀನಿದ್ದಿದ್ರೆ ನಿಂಗೆ ಸೊಸೆ ಅಂತ ಒಬ್ಳು ಇರ್ತಿರಲಿಲ್ಲ ಬೋರಿ. ಎದ್ದು ಹೋಗು, ನಿಂಗೆ ಟಾರ್ಚ್ ಹಾಕೋ ಹೊತ್ತಾಯ್ತು."

ಅವಳನ್ನು ಕಳಿಸಿದ್ದೇನೋ ಸರಿ. ಆ ಮಾತು ಹೋಗಲಿಲ್ಲ. ಬಜಾರಿನಲ್ಲೂ ಅದೇ ಮಾತು ಎಂದು ಮಹದೇವ ತಲೆ ತಗ್ಗಿಸಿಕೊಂಡು ಬಂದ. ಸುಗುಣ ಒಲೆಯ ಮುಂದೆ ಎಂದಿನಂತೆ ಇದ್ದಳು, ಆದರೆ ನನ್ನ ತಟ್ಟೆಗೆ ಬಡಿಸುವಾಗ ಅವಳ ಸೌಟು ತಡವರಿಸುತ್ತಿತ್ತು. ಒಳ್ಳೆಯ ಸೊಸೆ ಎಂಬ ಹೆಸರು ಒಂದು ಬಿಸ್ಕತ್ತಿನ ಭಾರಕ್ಕೆ ಹೊಸ್ತಿಲಲ್ಲೇ ಬಿದ್ದುಹೋಗಿತ್ತು. ನನಗೂ ನೋವಾಗಲಿಲ್ಲ ಎಂದರೆ ನನ್ನ ಕೈಯಲ್ಲಿರುವ ಈ ಲೇಖನಿಯೇ ಮೇಜು ಬಿಟ್ಟು ಏಳಲಾರದು. ಆದರೆ ನೋವಿಗಿಂತ ಒಂದು ಕೂದಲಷ್ಟು ಹೆಚ್ಚಾಗಿ ನನಗೆ ಕುತೂಹಲವಿತ್ತು. ಇಷ್ಟು ವರ್ಷ ನನ್ನ ಶಾಲು, ನನ್ನ ಚಪ್ಪಲಿ, ನನ್ನ ಊರುಗೋಲು ಎಲ್ಲವನ್ನೂ ಸಲೀಸಾಗಿ ದಾಟಿಸಿದವಳಿಗೆ ಇದೊಂದು ಯಾಕೆ ಬರಲಿಲ್ಲ?

ಕೊಂಡು ತಂದ ಭಾಗಗಳನ್ನು ನಡುಮನೆಯ ಮಂಚದ ಮೇಲೆ ಹರಡಿದ್ದೆವು. ಮದುವೆಗೆ ಮೊದಲೇ ಬಂದಿಳಿದು, ಗಂಡಿನ ಸುದ್ದಿಯೇ ಇಲ್ಲದೆ ಕೂತ ನೆಂಟರ ಹಾಗೆ ಅವು ಕಾಯುತ್ತಿದ್ದವು. ಒಂದು ಮಧ್ಯಾಹ್ನ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಬತ್ತಿ ಹೊಸೆಯುತ್ತಿದ್ದೆ. ನಾನು ಕಿಟಕಿ ನೋಡುತ್ತಿದ್ದೇನೆ ಎಂದು ಸುಗುಣ ತಿಳಿದಳು. ನನಗೆ ಕಿಟಕಿ ಕಾಣುವುದೇ ಇಲ್ಲ, ನನಗೆ ಕಾಣುವುದು ಮಂಚ.

ಅವಳು ಮೆಲ್ಲಗೆ ಬಂದು ಮಂಚದ ಅಂಚಿಗೆ ಕೂತಳು. ಮದರ್‌ಬೋರ್ಡನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಗೆರೆಯ ಮೇಲೆ ಉಗುರಿಟ್ಟು, ಅದು ಎಲ್ಲಿ ತಿರುಗುತ್ತದೆ, ಎಲ್ಲಿ ಮುಳುಗುತ್ತದೆ, ಹಿಂಬದಿಯಲ್ಲಿ ಎಲ್ಲಿ ಏಳುತ್ತದೆ ಎಂದು ಹಿಂಬಾಲಿಸಿಕೊಂಡು ಹೋದಳು. ದಾರಿ ತಪ್ಪಿದರೆ ಮತ್ತೆ ಮೊದಲಿನಿಂದ. ಅರ್ಥವಾಗದೆ ಬೆರಳು ಮುಂದಕ್ಕೆ ಸರಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಸುರಿಯಿತು. ಅವಳಿಗೆ ಕೇಳಿಸಲಿಲ್ಲ. ನಮ್ಮ ಮನೆಗೆ ಬಂದ ಮೇಲೆ ಸುಗುಣ ಹಾಲು ಉಕ್ಕಿಸಿದ್ದು ಅದೇ ಮೊದಲು. ನಾನು ಕಿಟಕಿಯ ಕಡೆಯೇ ಮುಖ ಇಟ್ಟುಕೊಂಡು, ಸೀದ ವಾಸನೆ ಕುಡಿಯುತ್ತ ಸುಮ್ಮನೆ ಕೂತೆ.

ಮಾರನೆಯ ಬೆಳಿಗ್ಗೆ, "ಸುಗುಣ, ಹೊರಡು, ಸಾಬ್ರ ಅಂಗಡಿಗೆ ಹೋಗೋಣ," ಎಂದೆ.

"ಬೇಡಿ ಅತ್ತೆ. ನಾನು ಹೇಳಿ ನೋಡಿದೆನಲ್ಲ." ಅವಳು ಒಲೆಯ ಕಡೆ ತಿರುಗಿದಳು. "ನಿಜವಾಗ್ಲೂ ನೀವು ಓದ್ಲಿ ಅಂತಾನೇ ಹೇಳ್ದೆ. ಯಾಕೆ ಬರ್ಲಿಲ್ವೋ ನಂಗೇ ಗೊತ್ತಿಲ್ಲ. ದೇವ್ರಾಣೆ ಅತ್ತೆ."

"ಗೊತ್ತು. ಚಪ್ಪಲಿ ಹಾಕ್ಕೊ."

ಅಂಗಡಿಯಲ್ಲಿ ನಾಲ್ಕಾರು ಜನರಿದ್ದರು. ಬೋರಮ್ಮನೂ ಇದ್ದಳು, ಟಾರ್ಚಿನ ಬ್ಯಾಟರಿ ಬದಲಾಯಿಸುವ ನೆಪ. ನಾನು ಎಂದಿನ ಸ್ಟೂಲಿನ ಮೇಲೆ ಕೂತು, ನಮ್ಮೂರಿನಲ್ಲಿ ಯಾರೂ ಕೇಳದ ಮಾತನ್ನು ಕೇಳಿದೆ. "ದಸ್ತಗೀರ್ ಸಾಬ್ರೆ, ಆ ಕೆಂಪು ಡಬ್ಬಿ ಯಾರದು?"

ಸಾಬರು ಮಫ್ಲರನ್ನು ಬಿಗಿ ಮಾಡಿಕೊಂಡು ತಮಗೆ ಕೇಳಿಸಲೇ ಇಲ್ಲವೆಂಬಂತೆ ಚಾವಣಿ ನೋಡಿದರು. ಸುಗುಣಳ ಕಿವಿ ಕೆಂಪಗಾಯಿತು. ಸರಸರನೆ ಹೊರಟೇಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನಿಂತಲ್ಲೇ ನಿಂತು, "ನಂದು," ಎಂದಳು.

"ಏನು ಹೇಳಿದ್ದೆ ಅದಕ್ಕೆ?"

"ಮನೆ ರಿಪೇರಿಗೆ ಅಂತ."

"ಮನೇಲಿ ಏನು ಕೆಟ್ಟಿತ್ತು?"

"ಏನೂ ಕೆಟ್ಟಿರಲಿಲ್ಲ."

ಅವಳು ಕಪಾಟಿನ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಅವಳು ಅದಕ್ಕೆ ಮುಖ ಕೊಟ್ಟದ್ದು ನಾನು ಕಂಡದ್ದು ಆಗಲೇ. ಒಂದು ಕೈಯಲ್ಲಿ ಕೆಂಪು ಡಬ್ಬಿ, ಇನ್ನೊಂದರಲ್ಲಿ ಪ್ರೊಸೆಸರ್ ಎತ್ತಿಕೊಂಡಳು. ಅಭ್ಯಾಸಬಲದಿಂದ ಎಲ್ಲರೂ ಗೋಡೆಗೆ ತಿರುಗಿ ಗುನುಗಲು ಶುರುಮಾಡಿದರು, ನಾನೂ ಸೇರಿದಂತೆ. ಅವಳು ನನ್ನ ಭುಜ ಮುಟ್ಟಿದಳು.

"ಗುನುಗಬೇಡಿ ಅತ್ತೆ. ಕೇಳಿ."

ನಾನು ಬಾಯಿ ಮುಚ್ಚಿದೆ. ಮಿಕ್ಕವರು ಒಬ್ಬೊಬ್ಬರಾಗಿ ನಿಂತರು. ಕೊನೆಗೆ ಬೋರಮ್ಮನದೂ ನಿಂತಿತು.

"ನಮ್ಮಪ್ಪನ ಮನೇಲಿ ಗೋಡೆ ಗಡಿಯಾರ ಇತ್ತು," ಎಂದು ಅವಳು ಕೈಯಲ್ಲಿದ್ದ ಎರಡಕ್ಕೂ ಹೇಳತೊಡಗಿದಳು. "ಚೆನ್ನಾಗೇ ಓಡ್ತಿತ್ತು. ಎಲ್ರೂ ಮದುವೆ ಮನೆಗೆ ಹೋಗಿದ್ದಾಗ ನಾನು ಅದನ್ನ ಇಳಿಸಿ ಬಿಚ್ಚಿದೆ. ಅಡುಗೆ ಚಾಕಲ್ಲಿ. ಸುಮ್ನೆ. ಒಳಗೆ ಹೆಂಗಿದೆ ಅಂತ. ಬಿಚ್ಚಿದ ಹಂಗೇ ತಿರುಗಿ ಜೋಡಿಸ್ದೆ. ಓಡ್ತು. ಆದ್ರೆ ಒಂದು ಸ್ಕ್ರೂ ಮಿಕ್ಕೋಯ್ತು. ಎಲ್ಲಿದು ಅಂತ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಅವ್ರು ಬಂದ್ಬಿಟ್ರು, ಮೇಲೆ ನೇತುಹಾಕ್ಬಿಟ್ಟೆ. ಆ ಗಡಿಯಾರ ಇವತ್ತಿಗೂ ಓಡ್ತಿದೆ." ಅವಳು ಡಬ್ಬಿಯ ಗಾಜಿನೊಳಗೆ ನೋಡಿದಳು. "ಹಂಗಾದ್ರೆ ಆ ಸ್ಕ್ರೂ ಯಾಕಿತ್ತು? ಇವತ್ತಿನ ತನಕ ಅದೇ ಯೋಚ್ನೆ. ಅನ್ನ ಬಸಿಯೋವಾಗ್ಲೂ ಅದೇ. ಈಗ ಇದು ಬಂತು. ಹೌದು, ಅಲ್ಲ, ಅಷ್ಟೇ ಅನ್ನುತ್ತಂತೆ. ಅಷ್ಟರಿಂದ ಅಕ್ಷರ ಹೆಂಗಾಗುತ್ತೆ? ನಂಗೆ ಅದು ಗೊತ್ತಾಗ್ಬೇಕು. ಯಾವ ಕೆಲಸಕ್ಕೂ ಅಲ್ಲ. ಅತ್ತೆ ಓದ್ಲಿ ಬಿಡ್ಲಿ, ನಂಗೆ ಅದು ಬೇಕು."

ಸೊಸೆಯ ಬಾಯಿಂದ ಅಂಥ ಮಾತು ಕೇಳಿ ಸಂತೋಷಪಟ್ಟ ಅತ್ತೆ ನಮ್ಮೂರಿನಲ್ಲಿ ನಾನೊಬ್ಬಳೇ ಇರಬೇಕು. ಅವಳು ಕಣ್ಣು ಮುಚ್ಚಿಕೊಂಡು ನಡೆದಳು. ನಾನು ಗೋಡೆಯ ಕಡೆ ಮುಖ ಮಾಡಿದೆ, ಹಾಗೆ ಮಾಡಿದರೆ ತಾನೆ ನನಗೆ ಕಾಣುವುದು. ಹೊಸ್ತಿಲ ಮೇಲೆ ಅವಳ ಕಾಲು ತಡೆಯಿತು. ಆಮೇಲೆ ಅವಳು ಬೀದಿಯಲ್ಲಿದ್ದಳು. ಬಿಸಿಲಿನಲ್ಲಿ ಕೆಂಪು ಡಬ್ಬಿ ಹೊಳೆಯುತ್ತಿತ್ತು.

ಕಪಾಟಿನ ದೂಳಿನಲ್ಲಿ ಅದು ಕೂತಿದ್ದ ಜಾಗ ಚೌಕಾಕಾರಕ್ಕೆ ಹಾಗೇ ಉಳಿದಿತ್ತು. ದಸ್ತಗೀರ್ ಸಾಬರು ಅದನ್ನು ಬಟ್ಟೆಯಿಂದ ಒರೆಸಿದರು. ಬೋರಮ್ಮ ಮೂಗಿನ ಮೇಲೆ ಬೆರಳಿಟ್ಟು, "ಸುಮ್ನೆ ಅಂದ್ರೂ ಬರುತ್ತೇನಕ್ಕ? ನ್ಯಾಯವಾ ಇದು? ನಾನು ಒಂದು ಗಿಳಿ ಪಂಜರಕ್ಕೆ ಎಷ್ಟು ಕಾರಣ ಹೇಳಿದೀನಿ!" ಎಂದಳು. ಅವಳದೊಂದು ಪಂಜರ ಯಾವುದೋ ಅಂಗಡಿಯಲ್ಲಿ ನಿಂತಿದೆಯೆಂದು ನಮಗೆಲ್ಲ ಆಗಲೇ ಗೊತ್ತಾದದ್ದು.

ಜೋಡಿಸುವ ಕೆಲಸ ಸುಗುಣಳದೇ. ಒಳಗಿನ ಪ್ರೋಗ್ರಾಮುಗಳನ್ನು ದಸ್ತಗೀರ್ ಸಾಬರು ಡಿಸ್ಕಿಗೆ ಮೊದಲೇ ತುಂಬಿಕೊಟ್ಟಿದ್ದರು. ಅವಳು ನಡುಮನೆಯಲ್ಲಿ ಚಾಪೆ ಹಾಸಿ, ಬಳೆ ತೆಗೆದಿಟ್ಟು, ಕೆಂಪು ಡಬ್ಬಿ ತೆರೆದಳು. ನಾನು ಒಂದೊಂದು ಭಾಗವನ್ನು ಕೈಗೆ ಕೊಡುತ್ತ ಅದರ ಕೆಲಸ ಹೇಳಿದೆ: ಇದು ದಾರಿ, ಇದು ಮೊರ, ಇದು ಕೋಣೆ, ಇದು ಬಡಿಸುವವನು. ಪ್ರೊಸೆಸರ್ ಬಂದಾಗ ನಾನು ಸುಮ್ಮನಾದೆ. ಅವಳು ಅದನ್ನು ಬೋರ್ಡಿನ ಕುಳಿಯಲ್ಲಿ ಮೊಟ್ಟೆ ಇಡುವಂತೆ ಇಟ್ಟಳು. ಅದು ಕೂತಿತು. ಅಂದು ನಮ್ಮ ಮನೆಯಲ್ಲಿ ಅಡುಗೆಯಾಗಲಿಲ್ಲ. ಪಂಪ್‌ಹೌಸಿನಿಂದ ಬಂದ ಮಹದೇವ ತಾನೇ ಅವಲಕ್ಕಿ ನೆನೆಸಿ, ಬಾಗಿಲ ಬಳಿ ನಿಂತುಕೊಂಡೇ ತಿಂದ.

ಗುಂಡಿ ಒತ್ತಿದಳು. ಒಳಗೆ ಒಂದು ಫ್ಯಾನು ನಿಟ್ಟುಸಿರು ಬಿಟ್ಟಿತು, ಪರದೆ ಬೆಳಗಿತು. ಸುಗುಣ ನನ್ನ ಕಾದಂಬರಿಯ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅದರೊಳಗೆ ಹಾಕಿದಳು, ಹಿಗ್ಗಿಸಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಅಕ್ಷರಗಳು ರೊಟ್ಟಿಯಷ್ಟಗಲ, ಹೊಳೆಯ ಹಾಗೆ ನನ್ನ ಕಣ್ಣಿನ ಅಂಚಿನ ತುಂಬ ಹರಿದು ಬಂದವು. ದೋಣಿಯವನು ಬಿಟ್ಟಲ್ಲೇ ಕೂತಿದ್ದ. ನೀರು ಸುತ್ತುತ್ತಿತ್ತು. ಪುಟದ ಕೊನೆಯಲ್ಲಿ ಅವನು ತಲೆಯ ರುಮಾಲು ಬಿಚ್ಚಿ, ಅದರ ಒಂದು ತುದಿಗೆ ಏನನ್ನೋ ಕಟ್ಟತೊಡಗಿದ. ಏನದು? ಯಾಕೆ? ಪುಟ ಸರಿಸುವ ಗುಂಡಿಯ ಮೇಲೆ ನನ್ನ ಬೆರಳು ಹೋಯಿತು.

"ಅತ್ತೆ," ಎಂದಳು ಸುಗುಣ.

ಅವಳು ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದಳು. ಅಂಗೈಯಲ್ಲಿ ಒಂದು ಸಣ್ಣ ಸ್ಕ್ರೂ.

"ಇದು ಮಿಕ್ಕಿದೆ. ಹೆಚ್ಚಿಗೆ ಕೊಟ್ಟಿರ್ತಾರೆ, ತಲೆ ಕೆಡಿಸ್ಕೊಬೇಡ ಅಂತ ಸಾಬ್ರು ಹೇಳಿದ್ರು. ಕಂಪ್ಯೂಟರೇನೋ ಓಡ್ತಿದೆ." ಅವಳು ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು. ಮುಂದಕ್ಕೆ ಕೇಳಲಿಲ್ಲ.

ದೋಣಿಯವನು ರುಮಾಲು ಹಿಡಿದುಕೊಂಡು ಕಾಯುತ್ತಿದ್ದ. ಇಷ್ಟು ದಿನ ಕಾದವನು, ಈಜು ಬಲ್ಲವನು. ನಾನು ಗುಂಡಿಯ ಮೇಲಿನ ಬೆರಳು ತೆಗೆದೆ.

"ಬಿಚ್ಚು," ಎಂದೆ.